ಏರು ಹತ್ತದಿದ್ದರೆ ಎಂಜಿನ್ ಬಯ್ಯಬೇಡಿ, ಟೈರ್ ನೋಡಿ

ಪುಣೆಯ ಭೋಸರಿಯಲ್ಲಿರುವ ನನ್ನ ವರ್ಕ್‌ಶಾಪಿನ ಮೇಜಿನ ಮೇಲೆ ಎರಡು ವಾರದಿಂದ ಒಂದು ಪ್ರೆಶರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಲೋಹದ ತಟ್ಟೆ) ಬಿದ್ದಿದೆ. ಬೆಳ್ಳಗೆ ಹೊಳೆಯಬೇಕಾದ ಮುಖ ಸುಟ್ಟು ನೀಲಿಗಟ್ಟಿದೆ. ಉಗುರು ಎಳೆದರೆ ಕೂದಲಿನಷ್ಟು ಸಣ್ಣ ಬಿರುಕುಗಳು ತಾಗುತ್ತವೆ. ಜೊತೆಗಿದ್ದ ಕ್ಲಚ್ ಪ್ಲೇಟು ರಿವೆಟ್‌ವರೆಗೆ ಸವೆದಿತ್ತು. ಆ ಪಿಕಪ್ ಓಡಿದ್ದು 31,000 ಕಿಲೋಮೀಟರ್ ಮಾತ್ರ. ಮಾಲೀಕರು ಪವರ್ ಜಾಸ್ತಿ ಮಾಡಿಸಿಕೊಂಡು ನಾಲ್ಕು ತಿಂಗಳಾಗಿತ್ತು. ಪವರ್ ಕೇಳಿಕೊಂಡು ಬರುವವರಿಗೆಲ್ಲ ತೋರಿಸಬೇಕು ಅಂತ ಅದನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದೇನೆ. ಈ ಸಲದ ಪತ್ರಗಳಲ್ಲೂ ಅರ್ಧಕ್ಕರ್ಧ ಅದೇ ವಿಷಯ.

ನನ್ನದು 2021ರ ಇಸುಜು ವಿ-ಕ್ರಾಸ್ ಪಿಕಪ್, 1.9 ಲೀಟರ್ ಡೀಸೆಲ್, ಮ್ಯಾನುಯಲ್. ಕಳೆದ ಮಳೆಗಾಲ ಮುಳಶಿ ಕಡೆ ಒಂದು ಕೆಸರಿನ ಏರು ಹತ್ತಲೇ ಇಲ್ಲ. 3 ಲೀಟರ್ ಎಂಜಿನ್ ಇಲ್ಲಿಗೂ ಬರುತ್ತೆ ಅಂತ ನಮ್ಮ ಗೆಳೆಯರೆಲ್ಲ ಹೇಳ್ತಾರೆ. ಅದಕ್ಕೆ ಕಾಯಲಾ, ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು) ಮಾಡಿಸಲಾ, ಇಲ್ಲ ಬೇರೆ ಎಂಜಿನ್ ಕೂರಿಸಲಾ? ವಿಡಿಯೋ ಕಳಿಸಿದ್ದೇನೆ. (ಹಡಪ್ಸರ್‌ನ ಓದುಗರು)

ವಿಡಿಯೋ ನಾಲ್ಕು ಸಲ ನೋಡಿದೆ. ಮುಂದಿನ ಒಂದು ಚಕ್ರ, ಹಿಂದಿನ ಒಂದು ಚಕ್ರ ಗಿರಗಿರ ತಿರುಗುತ್ತಿವೆ. ಉಳಿದೆರಡು ಸುಮ್ನೆ ನಿಂತಿವೆ. ಎಂಜಿನ್ ಒಂದು ಸಲವೂ ಬಂದ್ ಬಿದ್ದಿಲ್ಲ. ಚಕ್ರ ತಿರುಗುತ್ತಿದೆ ಅಂದರೆ ಎಂಜಿನ್ ತನ್ನ ಕೆಲಸ ಮಾಡಿದೆ ಅಂತಲೇ ಅರ್ಥ. ಸೋತಿದ್ದು ಟೈರು. ಅಲ್ಲಿ ಇದರ ದುಪ್ಪಟ್ಟು ಶಕ್ತಿಯ ಎಂಜಿನ್ ಇದ್ದಿದ್ದರೆ ಚಕ್ರ ಇನ್ನೂ ಜೋರಾಗಿ ತಿರುಗಿ, ಗುಂಡಿ ಇನ್ನೂ ಆಳವಾಗುತ್ತಿತ್ತು, ಅಷ್ಟೇ.

ನನ್ನ ಮಾತು ನಂಬಬೇಡಿ, ಲೆಕ್ಕ ಹಾಕಿ. ನಿಮ್ಮ ಎಂಜಿನ್ನಿನ ಗರಿಷ್ಠ ಟಾರ್ಕ್, ಅಂದರೆ ತಿರುಗಿಸುವ ಬಲ, 360 ಎನ್‌ಎಂ (ನ್ಯೂಟನ್-ಮೀಟರ್), ಅದೂ 2,000ದಿಂದ 2,500 ಆರ್‌ಪಿಎಂ ನಡುವೆ. ನಿಧಾನವಾಗಿ ಹತ್ತುವಾಗ ನೀವು ಅದಕ್ಕಿಂತ ಕೆಳಗಿರುತ್ತೀರಿ. ಅರ್ಧವೇ ಸಿಕ್ಕಿತು ಅನ್ನಿ, 180. ಲೆಕ್ಕ ಸುಲಭವಾಗಲಿ ಅಂತ ಮೊದಲ ಗೇರು ಇದನ್ನು 4 ಪಟ್ಟು, ಲೋ ರೇಂಜ್ (ಫೋರ್-ವೀಲ್ ಡ್ರೈವಿನ ನಿಧಾನದ ಗೇರು) 2.5 ಪಟ್ಟು, ಡಿಫ್ (ಆಕ್ಸಲ್ ನಡುವೆ ಕೂತು ಎರಡು ಬದಿಯ ಚಕ್ರಕ್ಕೆ ಶಕ್ತಿ ಹಂಚುವ ಗೇರು) 4 ಪಟ್ಟು ಮಾಡುತ್ತೆ ಅಂತ ಹಿಡಿಯೋಣ. ಮೂರನ್ನೂ ಗುಣಿಸಿದರೆ 40 ಪಟ್ಟು. ಚಕ್ರಕ್ಕೆ ತಲುಪುವುದು 7,200 ಎನ್‌ಎಂ. ದಾರಿಯಲ್ಲಿ ಒಂದಿಷ್ಟು ಸೋರಿಹೋದರೂ, ಆ ಟೈರಿನ ಅಳತೆಗೆ ನೆಲದ ಮೇಲೆ ಸುಮಾರು 1,600 ಕಿಲೋ ತಳ್ಳುವ ಬಲ ಉಳಿಯುತ್ತದೆ. ಈಗ ಇನ್ನೊಂದು ಕಡೆ ನೋಡಿ. ಗಾಡಿಯ ತೂಕ ಸುಮಾರು 2 ಟನ್. ಒದ್ದೆ ಕೆಸರಿನಲ್ಲಿ ಟೈರು ತನ್ನ ಮೇಲಿನ ತೂಕದ ಮೂರನೇ ಒಂದು ಭಾಗದಷ್ಟು ಹಿಡಿದುಕೊಂಡರೆ ಅದೇ ಪುಣ್ಯ. ಅಂದರೆ ನಾಲ್ಕೂ ಟೈರು ಸೇರಿ 650 ಕಿಲೋ. ಎಂಜಿನ್ ಅರ್ಧ ಶಕ್ತಿಯಲ್ಲೇ 1,600 ಕೊಡುತ್ತಿದೆ, ನೆಲ 650 ಮಾತ್ರ ತೆಗೆದುಕೊಳ್ಳುತ್ತಿದೆ. ಇದರಲ್ಲಿ ಕೊರತೆ ಯಾವ ಕಡೆ ಇದೆ?

ತಾಮ್ಹಿಣಿ ಘಾಟಿನ ಒಳದಾರಿಯೊಂದರಲ್ಲಿ ನಾನೇ ನೋಡಿದ್ದು ಹೇಳುತ್ತೇನೆ. ಜುಲೈ ತಿಂಗಳು, ಬಿಡದ ಮಳೆ. ಮೇಜಿನ ಮೇಲಿರುವ ಪ್ಲೇಟು ಯಾವ ಗಾಡಿಯದೋ ಅದೇ ಪಿಕಪ್ ಮುಂದಿತ್ತು. ಪೂರ್ತಿ ರೋಡ್ ಟೈರು, 35 ಪಿಎಸ್‌ಐ ಗಾಳಿ, ಹಿಂದೆ ಖಾಲಿ ತೊಟ್ಟಿ. ಓಡಿಸುತ್ತಿದ್ದ ಹುಡುಗ ಕ್ಲಚ್ ಅರ್ಧ ಒತ್ತಿ ಆಕ್ಸಿಲರೇಟರ್ ತುಳಿಯುತ್ತಲೇ ಇದ್ದ. ಬೇಡ ತಮ್ಮಾ ಅಂತ ಕೂಗಿದೆ, ಮಳೆಯಲ್ಲಿ ಕೇಳಿಸಲಿಲ್ಲ. ಐದು ನಿಮಿಷದಲ್ಲಿ ಕರಕಲು ವಾಸನೆ ನಮ್ಮ ಗಾಡಿಯೊಳಗೂ ಬಂತು. ಅವನನ್ನು ಪಕ್ಕಕ್ಕೆ ಎಳೆದ ಮೇಲೆ ಒಂದು ಹಳೆಯ ಎಂಎಂ540 ಜೀಪು ಬಂತು. ಅದರ ಶಕ್ತಿ 60 ಅಶ್ವಶಕ್ತಿಯ ಆಸುಪಾಸು. ಆದರೆ ಟೈರಿನಲ್ಲಿ ಒಳ್ಳೆ ಹಲ್ಲಿತ್ತು, ಗಾಳಿ ಇಳಿಸಿದ್ದರು. ಲೋ ಗೇರಿನಲ್ಲಿ ಟಕಟಕ ಅನ್ನುತ್ತ ಒಂದೇ ವೇಗದಲ್ಲಿ ಹತ್ತಿ ಹೋಯಿತು. ಓಡಿಸುತ್ತಿದ್ದವರು ಹಾಲಿನ ಕ್ಯಾನು ಹೇರಿಕೊಂಡು ಹೊರಟಿದ್ದ ಅಲ್ಲಿಯ ರೈತರು.

ಇನ್ನು ರೀಮ್ಯಾಪ್. ಲ್ಯಾಪ್‌ಟಾಪ್ ಚುಚ್ಚಿ ಅರ್ಧ ಗಂಟೆಯಲ್ಲಿ 40 ಅಶ್ವಶಕ್ತಿ ಕೊಡುತ್ತೇನೆ ಅನ್ನುವವರ ಮೇಲೆ ನನಗೆ ಕೋಪವಿದೆ. ನಿಮ್ಮ ಕ್ಲಚ್ ಎಷ್ಟು ತಡೆಯುತ್ತೆ, ಗೇರ್‌ಬಾಕ್ಸ್ ಎಷ್ಟು ತಡೆಯುತ್ತೆ ಅಂತ ಅವರು ಕೇಳಿದ್ದನ್ನು ನಾನು ಕಂಡಿಲ್ಲ. ಡೀಸೆಲ್ ಜಾಸ್ತಿ, ಟರ್ಬೋ ಒತ್ತಡ ಜಾಸ್ತಿ ಮಾಡಿ ಕಳಿಸುತ್ತಾರೆ. ಸೈಲೆನ್ಸರ್ ಕಡೆಗೆ ಹೋಗುವ ಹೊಗೆಯ ಬಿಸಿ ಏರುತ್ತದೆ, ಮಸಿ ಏರುತ್ತದೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬೇಗ ಕಟ್ಟಿಕೊಳ್ಳುತ್ತದೆ. ಕ್ಲಚ್ಚಿನಿಂದ ಆಕ್ಸಲ್‌ವರೆಗೆ ಉಳಿದ ಸಾಮಾನೆಲ್ಲ ಹಳೆಯದೇ. ಟೊಯೋಟಾ ಹೈಲಕ್ಸ್ ನೋಡಿ. ಮ್ಯಾನುಯಲ್, ಆಟೋಮ್ಯಾಟಿಕ್ ಎರಡರಲ್ಲೂ ಅದೇ 2.8 ಲೀಟರ್ ಎಂಜಿನ್, ಅದೇ 204 ಪಿಎಸ್ (ಅಶ್ವಶಕ್ತಿಯ ಮೆಟ್ರಿಕ್ ಅಳತೆ). ಆದರೆ ಟಾರ್ಕ್ ಆಟೋಮ್ಯಾಟಿಕ್‌ನಲ್ಲಿ 500 ಎನ್‌ಎಂ, ಮ್ಯಾನುಯಲ್‌ನಲ್ಲಿ 420. ಎಂಜಿನ್ನಿಗೆ ತಾಕತ್ತಿದ್ದರೂ ಕಂಪನಿ 80 ಎನ್‌ಎಂ ಬಿಟ್ಟುಕೊಟ್ಟಿದೆ. ಗಾಡಿ ಮಾಡಿದವರೇ ಇಷ್ಟು ಎಚ್ಚರ ವಹಿಸುವಾಗ ಗಲ್ಲಿಯ ಟ್ಯೂನರ್‌ಗೆ ಏನು ಧೈರ್ಯ?

ಬೇರೆ ಎಂಜಿನ್ ಕೂರಿಸುವ ಯೋಚನೆ ಇವತ್ತೇ ಬಿಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೂ ಕಂಪನಿ ಕೊಟ್ಟ ಗಾಡಿಗೂ ಹೊಂದಿಕೆ ಇರಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅನುಮತಿ ಇಲ್ಲದ ಬದಲಾವಣೆಗೆ, ಪ್ರತಿಯೊಂದಕ್ಕೂ, 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದೂ ಇಂಥದ್ದನ್ನೇ. ನನ್ನ ಶಾಪಿನಲ್ಲಿ ಈ ಕೆಲಸ ಮಾಡುವುದಿಲ್ಲ, ಎಷ್ಟು ದುಡ್ಡು ಕೊಟ್ಟರೂ.

3 ಲೀಟರ್ ಬರುತ್ತಾ ಅನ್ನುವ ಪ್ರಶ್ನೆಗೆ ಇಷ್ಟೇ ಹೇಳಬಲ್ಲೆ. ಹೊರದೇಶದಲ್ಲಿ ಆ ಎಂಜಿನ್ ಇದೆ, 190 ಪಿಎಸ್, 450 ಎನ್‌ಎಂ. ಇಲ್ಲಿಗೆ ತರಬೇಕಾದರೆ ಬಿಎಸ್6 ಅನ್ನುವ ಹೊಗೆ ನಿಯಮದ ಎರಡನೇ ಹಂತ ಪಾಸಾಗಬೇಕು. 2023ರ ಏಪ್ರಿಲ್‌ನಿಂದ ರಸ್ತೆಯ ಮೇಲೆ ಓಡಿಸಿಯೂ ಹೊಗೆ ಅಳೆಯುತ್ತಾರೆ. ವರ್ಷಕ್ಕೆ ಅಷ್ಟೋ ಇಷ್ಟೋ ಪಿಕಪ್ ಮಾರುವ ಮಾರುಕಟ್ಟೆಗೆ ಆ ಖರ್ಚು ಸಣ್ಣದಲ್ಲ. ದೊಡ್ಡದಾದರೆ ಮಾತ್ರ ಒಳ್ಳೆಯದು ಅನ್ನುವುದೂ ಸುಳ್ಳು. 2016ರಲ್ಲಿ ವಿ-ಕ್ರಾಸ್ ಬಂದಾಗ 2.5 ಲೀಟರ್ ಎಂಜಿನ್ ಸುಮಾರು 134 ಪಿಎಸ್, 320 ಎನ್‌ಎಂ ಕೊಡುತ್ತಿತ್ತು. ನಿಮ್ಮ 1.9 ಕೊಡುವುದು 163 ಮತ್ತು 360. ಇಸುಜು 2024ರ ಕೊನೆಗೆ ಥಾಯ್ಲೆಂಡಿನಲ್ಲಿ ಹೊಸ 2.2 ತಂದಿತು. ಪವರ್ ಅದೇ 163 ಇಟ್ಟರು, ಟಾರ್ಕ್ 400 ಮಾಡಿದರು, 8 ಗೇರಿನ ಆಟೋಮ್ಯಾಟಿಕ್ ಕೊಟ್ಟರು. ಅಶ್ವಶಕ್ತಿಯ ಹಿಂದೆ ಅವರು ಓಡಲಿಲ್ಲ.

ದೊಡ್ಡ ಎಂಜಿನ್ ಎಲ್ಲೂ ಬೇಡ ಅಂತಲ್ಲ. ಸಾಮಾನು ತುಂಬಿಕೊಂಡು ಖಂಡಾಲಾ ಘಾಟಿನಲ್ಲಿ ಲಾರಿ ಹಿಂದೆ ಹಾಕಬೇಕಾದರೆ, ಟ್ರೇಲರ್ ಎಳೆಯಬೇಕಾದರೆ, ರಾಜಸ್ಥಾನದ ಮರಳುದಿಬ್ಬ ಹತ್ತಬೇಕಾದರೆ ಶಕ್ತಿ ಬೇಕು. ನೀವು ಸಿಕ್ಕಿಕೊಂಡಿದ್ದು ಕೆಸರಿನಲ್ಲಿ.

ಹಾಗಾಗಿ ರೀಮ್ಯಾಪಿಗೆ ಇಟ್ಟ ದುಡ್ಡಿನಲ್ಲಿ ಒಳ್ಳೆ ಆಲ್-ಟೆರೇನ್ ಟೈರು ತೆಗೆದುಕೊಳ್ಳಿ, ಅಳತೆ ಕಂಪನಿಯದೇ ಇರಲಿ. ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಮತ್ತು ಸರಿಯಾದ ಗೇಜ್ ಜೊತೆಗಿರಲಿ. ಕೆಸರಿಗೆ ಇಳಿಯುವ ಮೊದಲು 18ರಿಂದ 20 ಪಿಎಸ್‌ಐಗೆ ಇಳಿಸಿ. 15ಕ್ಕಿಂತ ಕೆಳಗೆ ಬೇಡ, ಟೈರು ರಿಮ್ ಬಿಟ್ಟು ಬರುತ್ತದೆ. ಡಾಂಬರು ಸಿಕ್ಕ ಕೂಡಲೇ ಮತ್ತೆ ತುಂಬಿ, ಇಲ್ಲದಿದ್ದರೆ ಟೈರು ಬಿಸಿಯಾಗಿ ಒಡೆಯುತ್ತದೆ. ಪಿಕಪ್ಪಿನ ಹಿಂದಿನ ಲೀಫ್ ಸ್ಪ್ರಿಂಗು ಹೊರೆ ಹೊರಲು ಮಾಡಿದ್ದು. ತೊಟ್ಟಿ ಖಾಲಿ ಇದ್ದರೆ ಹಿಂದಿನ ಚಕ್ರದ ಮೇಲೆ ಭಾರ ಕಡಿಮೆ. 120 ಕಿಲೋ ಮರಳುಚೀಲ ಆಕ್ಸಲ್ ಮೇಲೆ ಬರುವಂತೆ ಇಟ್ಟು ಬಿಗಿಯಾಗಿ ಕಟ್ಟಿ. ಫೋರ್-ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ, ಲೋ ರೇಂಜ್), ಎರಡನೇ ಗೇರು, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು ಒಂದೇ ಸಮ ಹತ್ತಿ. ಹೊರಗಿನಿಂದ ಡಿಫ್ ಲಾಕ್ (ಆಕ್ಸಲ್ಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು) ಹಾಕಿಸುವ ಮಾತು ಎರಡು ಮಳೆಗಾಲ ಹೀಗೆ ಓಡಿಸಿದ ಮೇಲೆ.

ಆನ್‌ಲೈನಿನಲ್ಲಿ ಸಿಗುವ, ಓಬಿಡಿ ಪೋರ್ಟಿಗೆ (ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ದೋಷ ನೋಡುವ ಸಾಕೆಟ್) ಚುಚ್ಚುವ ಪವರ್ ಚಿಪ್ ಕೆಲಸ ಮಾಡುತ್ತಾ? (ವಾಕಡ್)

ಮೂರು ಬಿಚ್ಚಿ ನೋಡಿದ್ದೇನೆ. ಒಳಗೆ ಎಲ್‌ಇಡಿ ದೀಪ ಮಿನುಗಿಸುವ ಸರ್ಕ್ಯೂಟ್ ಬಿಟ್ಟರೆ ಏನೂ ಇರಲಿಲ್ಲ. ಅದು ಮೋಸ.

ಡಿಪಿಎಫ್ ತೆಗೆಸಿದರೆ ಗಾಡಿಯ ಎಳೆತ ಜಾಸ್ತಿಯಾಗುತ್ತಂತೆ? (ಚಿಂಚವಡ್)

ಬೇಡ. ಅದು ಕಾನೂನಿಗೆ ವಿರುದ್ಧ, ಆ ಮಸಿ ಹೋಗುವುದು ನಿಮ್ಮ ಮಕ್ಕಳ ಎದೆಯೊಳಗೇ.

ಸಿಕ್ಕಿಕೊಂಡ ಗಾಡಿ ಎಳೆಯಲು ಹಿಂದಿನ ಟೋ ಬಾಲ್‌ಗೆ (ಟ್ರೇಲರ್ ಸಿಕ್ಕಿಸುವ ಗುಂಡು) ಬೆಲ್ಟ್ ಹಾಕಬಹುದಾ? (ಕೋಥ್‌ರೂಡ್)

ಯಾವತ್ತೂ ಹಾಕಬೇಡಿ. ಟೋ ಬಾಲ್ ಇರುವುದು ಉರುಳುವ ಟ್ರೇಲರ್ ಎಳೆಯಲು. ಜರ್ಕ್ ಹೊಡೆದಾಗ ಅದು ಮುರಿದರೆ ಗುಂಡಿನ ಹಾಗೆ ಹಾರಿ ಗಾಜು ಒಡೆದು ಒಳಗೆ ಬರುತ್ತದೆ, ಜೀವ ಹೋಗುತ್ತದೆ. ಚಾಸಿಗೆ ಬೋಲ್ಟ್ ಮಾಡಿದ ರಿಕವರಿ ಹುಕ್ಕನ್ನೇ ಬಳಸಿ. ಜನರನ್ನು ದೂರ ನಿಲ್ಲಿಸಿ. ಮೊಬೈಲಿನಲ್ಲಿ ಶೂಟ್ ಮಾಡುವವರನ್ನು ಇನ್ನೂ ದೂರ.

ನೀರಿನ ಹಳ್ಳ ದಾಟಿ ಬಂದ ಮೇಲೆ ಸರ್ವಿಸ್ ಬೇಕಾ? (ಪಿಂಪರಿ)

ಚಕ್ರದ ನಡುಮಟ್ಟ ಮುಳುಗಿದ್ದರೆ ಡಿಫ್ ಆಯಿಲ್ ನೋಡಲೇಬೇಕು. ಬಿಸಿಯಾದ ಡಿಫ್ ಪೆಟ್ಟಿಗೆ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನಿಂದಲೋ ಗಾಳಿಯಾಡುವ ಬ್ರೀದರ್ ತೂತಿನಿಂದಲೋ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದ್ದರೆ ಅವತ್ತೇ ಬದಲಾಯಿಸಿ. ಮನೆಯಲ್ಲೇ ಮಾಡುವುದಾದರೆ ಮೊದಲು ಮೇಲಿನ, ಆಯಿಲ್ ತುಂಬುವ ಫಿಲ್ಲರ್ ನಟ್ ಸಡಿಲಾಗುತ್ತಾ ನೋಡಿಕೊಂಡು, ಆಮೇಲೆ ಕೆಳಗಿನ ಡ್ರೇನ್ ನಟ್ ಬಿಚ್ಚಿ. ಫಿಲ್ಲರ್ ಜಾಮ್ ಆಗಿದ್ದರೆ ಖಾಲಿ ಡಿಫ್ ಇಟ್ಟುಕೊಂಡು ಗಾಡಿ ಅಲ್ಲೇ ನಿಲ್ಲುತ್ತದೆ.