ಪಕ್ಕದ ಮನೆಯಲ್ಲಿ ಉಳಿದ ಗೋಡೆಗಳು

‘ನಿಮ್ಮ ಪ್ರವಾಸ ಲೇಖನ ಓದಿ ಪ್ರಾಗ್‌ನ ಬೆತ್ಲೆಹೆಮ್ ಚಾಪೆಲ್‌ಗೆ ಹೋದೆವು. ನೋಡಿದರೆ ಬರೀ ಖಾಲಿ ಹಾಲ್. ಅದೂ 1950ರ ದಶಕದಲ್ಲಿ ಕಟ್ಟಿದ್ದಂತೆ! ಹಳೆಯದೇ ಅಲ್ಲದ ಜಾಗಕ್ಕೆ ಯಾಕೆ ಕಳಿಸಿದಿರಿ?’
— ಓದುಗರೊಬ್ಬರು, ಮೈಸೂರು

ಸಂಪಾದಕರ ಉತ್ತರ:

ಅಷ್ಟು ದೂರ ಹೋಗಿ ನಿರಾಸೆಯಾದರೆ ಬೇಸರ ಆಗೇ ಆಗುತ್ತದೆ. ತಪ್ಪು ನಮ್ಮದೇ. ಈ ಕಟ್ಟಡದ ಕತೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆವು. ಆದರೆ ‘ಹಳೆಯದೇ ಅಲ್ಲ’ ಎಂಬ ಮಾತನ್ನು ಮಾತ್ರ ಒಪ್ಪಲಾರೆ.

1391ರಲ್ಲಿ ಈ ಚಾಪೆಲ್, ಅಂದರೆ ಪ್ರಾರ್ಥನಾ ಮಂದಿರ, ಶುರುವಾಗಿದ್ದೇ ಜನರಾಡುವ ಚೆಕ್ ಭಾಷೆಯಲ್ಲಿ ಪ್ರವಚನ ನಡೆಯಲಿ ಎಂದು. ಆಗ ಚರ್ಚಿನ ಪೂಜೆಯೆಲ್ಲ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. ನಿಮಗೆ ಖಾಲಿ ಹಾಲ್ ಅನ್ನಿಸಿದ್ದು ಅದಕ್ಕೇ. ಅದು ಕಿವಿಗಾಗಿ ಕಟ್ಟಿದ ಜಾಗ. ಸುಮಾರು 3,000 ಜನ ಹಿಡಿಸುತ್ತಿತ್ತು ಎನ್ನುತ್ತಾರೆ.

1402ರಿಂದ 1412ರವರೆಗೆ ಅಲ್ಲಿ ಪ್ರವಚನ ಮಾಡಿದವರು ಚೆಕ್ ಪಾದ್ರಿ ಯಾನ್ ಹುಸ್. ದುಡ್ಡು ಕೊಟ್ಟವರಿಗೆ ಪಾಪದ ಶಿಕ್ಷೆಯಿಂದ ವಿನಾಯಿತಿ ಕೊಡುವ ವ್ಯಾಪಾರವನ್ನು ಅವರು ಖಂಡಿಸಿದರು. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಇದೇ ವಿಷಯ ಎತ್ತಿದ್ದು ನೂರು ವರ್ಷ ಕಳೆದ ಮೇಲೆ. ನಿಮ್ಮ ಜೀವಕ್ಕೆ ಅಪಾಯವಿಲ್ಲ ಎಂದು ರಾಜ ಸಿಗಿಸ್ಮಂಡ್ ಅಭಯಪತ್ರ ಕೊಟ್ಟಿದ್ದ. ಅದನ್ನು ನಂಬಿ ಹುಸ್ ಈಗಿನ ಜರ್ಮನಿಯಲ್ಲಿರುವ ಕಾನ್‌ಸ್ಟನ್ಸ್‌ನ ಧರ್ಮಸಭೆಗೆ ಹೋದರು. 1415ರ ಜುಲೈ 6ರಂದು ಅಲ್ಲೇ ಅವರನ್ನು ಜೀವಂತ ಸುಟ್ಟರು. ಈ ಸಾಲು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

1786ರಲ್ಲಿ ಚಾಪೆಲ್ಲನ್ನು ಕೆಡವಿದರು. ಆದರೆ ಹೊರಗೋಡೆಗಳ ಒಂದಷ್ಟು ಭಾಗ ಅಕ್ಕಪಕ್ಕದ ಮನೆಗಳ ಗೋಡೆಯಾಗಿ ಉಳಿದುಕೊಂಡಿತು. ತಲೆಮಾರುಗಳ ಕಾಲ ಜನ ಅದಕ್ಕೆ ಬೆನ್ನು ಕೊಟ್ಟು ಸಂಸಾರ ಮಾಡಿದರು, ಅಲ್ವಾ! ಅದು ಗುರುತಿಗೆ ಬಂದದ್ದು 20ನೇ ಶತಮಾನದಲ್ಲಿ. ಆಮೇಲೆ ವಾಸ್ತುಶಿಲ್ಪಿ ಯಾರೊಸ್ಲಾವ್ ಫ್ರಾಗ್ನರ್ ಆ ಗೋಡೆಗಳನ್ನೇ ಸೇರಿಸಿಕೊಂಡು ಚಾಪೆಲ್ಲನ್ನು ಮತ್ತೆ ಎಬ್ಬಿಸಿದರು. ಅಂದಿನ ಕಮ್ಯುನಿಸ್ಟ್ ಸರ್ಕಾರಕ್ಕೆ ಹುಸ್ ಬಡವರ ಪರ ಹೋರಾಟಗಾರರಾಗಿ ಬೇಕಿದ್ದರು, ಅದೂ ನಿಜ. ಹಾಗಂತ ಕಲ್ಲು ಸುಳ್ಳಾಗುವುದಿಲ್ಲ.

ನಾನು ಅಲ್ಲಿ ಜಾಸ್ತಿ ಹೊತ್ತು ನಿಂತದ್ದು ಆ ಗೋಡೆಯ ಮುಂದೆಯೇ. ಒಂದು ಕಡೆ ನಯವಾದ ಹೊಸ ಗಾರೆ. ಅದರ ಮಗ್ಗುಲಲ್ಲೇ ಒರಟು ತೇಪೆ, ಅದರ ಮೇಲೆ ಅರ್ಧಂಬರ್ಧ ಅಳಿಸಿದ ಅಕ್ಷರಗಳು. ಹುಸ್ ಕಾಲದಲ್ಲಿ ಜನ ಓದಲೆಂದು ಗೋಡೆಗೆ ಬರೆಸಿದ ಬರಹದ ಚೂರುಗಳಿವು. ಹಾಲ್‌ನೊಳಗೆ ಒಂದು ಹಳೆಯ ಬಾವಿಯೂ ಇದೆ, ಗಮನಿಸಿದಿರಾ?

ನೀವು ತೆಗೆದ ಫೋಟೊಗಳನ್ನು ಇನ್ನೊಮ್ಮೆ ನೋಡಿ. ಆ ಒರಟು ತೇಪೆ ಎಲ್ಲಾದರೂ ಸಿಕ್ಕಿದ್ದರೆ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.