ಓದುಗರ ಪ್ರಶ್ನೆ: ಎಚ್ಚರವಾಗದ ಪ್ರಯಾಣಿಕ

ಪ್ರಶ್ನೆ: ಅಮೆರಿಕದ ಒರ್ಲ್ಯಾಂಡೊ ವಿಮಾನ ನಿಲ್ದಾಣದಲ್ಲಿ ಲಗೇಜಿಗೆ ಒರಗಿ ನಿದ್ದೆಹೋದ ಪ್ರಯಾಣಿಕನ ಶಿಲ್ಪವಿದೆ. ನಿಜವಾದ ಮನುಷ್ಯನೆಂದೇ ಹಲವರು ನಂಬುತ್ತಾರೆ. ಗೊತ್ತಾದ ಮೇಲೆ ಕೆಲವರು ನಗುತ್ತಾರೆ, ಕೆಲವರು ಸಿಡುಕುತ್ತಾರೆ. ಹೀಗೆ ಕಣ್ಣಿಗೆ ಮಂಕುಬೂದಿ ಎರಚುವುದೂ ಕಲೆಯೇ?

ಉತ್ತರ: ಅದು ಡ್ವೇನ್ ಹ್ಯಾನ್ಸನ್ (1925–1996) ಅವರು 1985ರಲ್ಲಿ ರಚಿಸಿದ ‘ಟ್ರಾವೆಲರ್’. ಬದುಕಿರುವವರ ಮೈಮೇಲೆಯೇ ಅಂಗಾಂಗಗಳ ಅಚ್ಚು ತೆಗೆದು, ರಾಳ ಮತ್ತು ಗಾಜಿನ ನಾರಿನಲ್ಲಿ, ಕೆಲವೊಮ್ಮೆ ಕಂಚಿನಲ್ಲಿ ಎರಕ ಹೊಯ್ದು, ಚರ್ಮದಡಿಯ ನೀಲಿ ನರಗಳನ್ನೂ ಕಂದಿದ ಕಲೆಗಳನ್ನೂ ತೈಲವರ್ಣದಲ್ಲಿ ಮೂಡಿಸಿ, ಕೂದಲು ನೆಟ್ಟು, ಯಾರಾದರೂ ಉಡುವಂಥ ಬಟ್ಟೆಯನ್ನೇ ತೊಡಿಸುವುದು ಅವರ ಕ್ರಮ. ಬೆರಗುಗೊಳಿಸುವುದಷ್ಟೇ ಗುರಿಯಾಗಿದ್ದರೆ ಸುಂದರಾಂಗರನ್ನು ಆರಿಸಿಕೊಳ್ಳಬಹುದಿತ್ತು. ಅವರು ಆರಿಸಿಕೊಂಡದ್ದು ಕಸ ಗುಡಿಸುವವರನ್ನು, ಕಾವಲುಗಾರರನ್ನು, ದಣಿದ ಪ್ರವಾಸಿಗರನ್ನು. ಅಂದರೆ ಎದುರಿಗಿದ್ದರೂ ನಾವು ಕಣ್ಣೆತ್ತಿ ನೋಡದೆ ದಾಟಿಹೋಗುವವರನ್ನು.

ವಿಮಾನ ನಿಲ್ದಾಣದಲ್ಲಿ ಈ ಭ್ರಮೆ ಗಟ್ಟಿಯಾಗಿ ನಿಲ್ಲಲು ಕಾರಣವಿದೆ. ಅಲ್ಲಿ ಅಲುಗಾಡದೆ ಬಿದ್ದಿರುವವನು ಯಾರಿಗೂ ವಿಚಿತ್ರವೆನಿಸುವುದಿಲ್ಲ. ಸುತ್ತಲಿನ ಕುರ್ಚಿಗಳಲ್ಲಿ ಅವನಂತೆಯೇ ತೂಕಡಿಸುವವರಿರುತ್ತಾರೆ. ಇಂಥ ಶಿಲ್ಪಗಳ ಗುಟ್ಟು ಸಾಮಾನ್ಯವಾಗಿ ರಟ್ಟಾಗುವುದು ಕಣ್ಣುಗಳಲ್ಲಿ, ನಿದ್ದೆ ಅವನ್ನೂ ಮುಚ್ಚಿಬಿಟ್ಟಿದೆ. ಆದರೆ ತುಸು ಹೊತ್ತು ನಿಂತು ನೋಡಿದರೆ ಎದೆ ಏರಿಳಿಯುತ್ತಿಲ್ಲವೆಂಬುದು ಅರಿವಿಗೆ ಬರುತ್ತದೆ, ಮೈ ಜುಮ್ಮೆನ್ನುವುದು ಆಗಲೇ. ಮನುಷ್ಯನ ಹೋಲಿಕೆ ಹೆಚ್ಚಿದಂತೆ ಹೆಚ್ಚುವ ಆಪ್ತತೆ, ಇನ್ನೇನು ಮನುಷ್ಯನೇ ಎನ್ನುವ ಹಂತದಲ್ಲಿ ಥಟ್ಟನೆ ಕುಸಿಯುತ್ತದೆಂದು ಜಪಾನಿನ ರೋಬಾಟ್ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಬರೆದಿದ್ದರು.

ಇನ್ನು ಸಿಡುಕುವವರ ವಿಷಯ. ಅವರಲ್ಲಿ ಹೆಚ್ಚಿನವರು ನಿದ್ದೆ ಕೆಡಬಾರದೆಂದು ದನಿ ತಗ್ಗಿಸಿ, ಸದ್ದಾಗದಂತೆ ನಡೆದವರಿರಬೇಕು. ತೋರಿದ ಸೌಜನ್ಯವೆಲ್ಲ ರಾಳದ ಪಾಲಾಯಿತೆಂಬ ಮುಜುಗರ ಅವರದು. ಸೆಲ್ಫಿ ತೆಗೆದುಕೊಂಡು ಹೊರಟುಬಿಡುವವರಿಗಿಂತ ಇವರೇ ಆ ಶಿಲ್ಪವನ್ನು ಸರಿಯಾಗಿ ಕಂಡವರೆಂದು ನನಗನ್ನಿಸುತ್ತದೆ. ಮಲಗಿರುವ ಅಪರಿಚಿತನನ್ನು ದಿಟ್ಟಿಸುವುದು ಅಸಭ್ಯತೆ. ಗೊಂಬೆಯೆಂದು ತಿಳಿದೊಡನೆ ಅದೇ ಜನ ಹತ್ತಿರ ಬಾಗಿ ಅವನ ಕೈಮೇಲಿನ ರೋಮಗಳನ್ನು ಕೂಡ ಪರೀಕ್ಷಿಸುತ್ತಾರೆ.

ಪ್ರಶ್ನೆ: ಹಾಗಾದರೆ ಮೇಣದ ಪ್ರತಿಮೆಗಳಿಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ಮೇಣದ ಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಖ್ಯಾತನಾಮರೇ ಇರುತ್ತಾರೆ, ಹೋಲಿಕೆ ಎಷ್ಟರಮಟ್ಟಿಗೆ ಸರಿಯಿದೆಯೆಂದು ತಾಳೆ ನೋಡಿದರೆ ನಮ್ಮ ಕೆಲಸ ಮುಗಿಯುತ್ತದೆ. ಹ್ಯಾನ್ಸನ್ ಅವರ ಪ್ರಯಾಣಿಕ ಯಾರೆಂದು ನೋಡುವವರಿಗೆ ತಿಳಿದಿಲ್ಲವಾದ್ದರಿಂದ ತಾಳೆ ನೋಡುವ ಮಾತೇ ಬರುವುದಿಲ್ಲ.