ಇನ್ನೂ ದುಬಾರಿಯಾದ ವಾ-ವಾ ಪೆಡಲ್ ಕೊಂಡರೆ ಸೋಲೋದಲ್ಲಿ ಭಾವ ಬರುತ್ತದೆಯೇ?

ಬರುವುದಿಲ್ಲ, ಆದ್ದರಿಂದ ಕೊಳ್ಳಬೇಡಿ. ವಾ-ವಾ ಎಂದರೆ ಗಿಟಾರಿನ ಸದ್ದನ್ನು ಪಾದದಿಂದ ಬಾಯಿಯಂತೆ ತೆರೆದು ಮುಚ್ಚುವ ಪೆಡಲ್, ಅಷ್ಟೇ. ನಿಮ್ಮ ಹಾಗೆಯೇ ನನ್ನ ಸೋಲೋ ಕೂಡ ಯಂತ್ರದಂತೆ ಕೇಳುತ್ತಿದ್ದ ಕಾಲದಲ್ಲಿ, ದೋಷವೆಲ್ಲ ಪೆಡಲ್‌ನದೇ ಎಂದು ನಂಬಿ ನಾನು ಇನ್ನೊಂದನ್ನು ಕೊಂಡೆ. ಸದ್ದು ಸ್ವಲ್ಪವೂ ಬದಲಾಗಲಿಲ್ಲ. ಕೊನೆಗೆ ನಮ್ಮ ಕಾಲೇಜು ಬ್ಯಾಂಡಿನ ಸೋಲೋಗಳೆಲ್ಲ ಮತ್ತೊಬ್ಬ ಗಿಟಾರ್ ವಾದಕನ ಪಾಲಾದವು.

ತಪ್ಪಿದ್ದುದು ನನ್ನ ಪಾದದಲ್ಲಿ. ಬಹಳ ಮಂದಿಯಂತೆ ನಾನೂ ವಾ-ವಾ ಕಲಿತದ್ದು ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರ 1968ರ 'ವೂಡೂ ಚೈಲ್ಡ್' ಗೀತೆಯ ಆರಂಭವನ್ನು ಕೇಳಿ. ಅಲ್ಲಿ ಒಂದು ಕೈ ತಂತಿಗಳನ್ನು ಅದುಮಿ ಹಿಡಿದಿರುವುದರಿಂದ ಸ್ವರವೇ ಇಲ್ಲದ ಗೀಚು ಸದ್ದಿಗೆ ಪಾದ ತಾಳ ಹಾಕುತ್ತದೆ, ಮತ್ತು ಅಲ್ಲಿ ಅದು ಸರಿ. ನಾನು ಆ ಕಾಲಾಟವನ್ನು ಸೋಲೋಗೂ ತಂದೆ. ಪ್ರತಿ ಎಣಿಕೆಗೂ ಪಾದದ ಮುಂಭಾಗ ಕೆಳಗೆ, ಮರುಕ್ಷಣ ಹಿಮ್ಮಡಿ ಕೆಳಗೆ. ಒಂದು ಸ್ವರವನ್ನು ನಾಲ್ಕು ಎಣಿಕೆ ಹಿಡಿದರೆ ಅದು ನಾಲ್ಕು ಬಾರಿ ಬಾಯಿ ತೆರೆದು ಮುಚ್ಚುತ್ತಿತ್ತು. ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಎಳೆದು (ಬೆಂಡ್ ಮಾಡಿ) ಮೇಲಿನ ಸ್ವರವನ್ನು ಮುಟ್ಟುವ ಹೊತ್ತಿಗೆ, ಅಂದರೆ ಸದ್ದು ಪೂರ್ತಿ ಬಿಚ್ಚಿಕೊಳ್ಳಬೇಕಾದ ಗಳಿಗೆಯಲ್ಲಿ, ಪಾದ ಹಿಂದಕ್ಕೆ ವಾಲಿ ಎಲ್ಲವನ್ನೂ ಮಂಕು ಮಾಡುತ್ತಿತ್ತು. ಬೆರಳುಗಳು ಸ್ವರಸಂಚಾರವನ್ನು ಅನುಸರಿಸುತ್ತಿದ್ದವು, ಕಾಲು ಡ್ರಮ್ಮನ್ನು ಅನುಸರಿಸುತ್ತಿತ್ತು; ಇವೆರಡೂ ಕೂಡಿದ್ದು ಆಕಸ್ಮಿಕವಾಗಿ ಮಾತ್ರ.

ಪೆಡಲ್ ಮಾಡುವ ಕೆಲಸ ಸರಳವಾದದ್ದು. ಅದು ಕಿರಿದಾದೊಂದು ಆವರ್ತನ ಪಟ್ಟಿಯನ್ನು ಎತ್ತಿ ಹಿಡಿಯುತ್ತದೆ, ಹಿಮ್ಮಡಿಯತ್ತ ಸುಮಾರು 400 ಹರ್ಟ್ಸ್‌ನಲ್ಲಿರುವ ಆ ಶಿಖರವನ್ನು ಮುಂದಕ್ಕೆ ಒತ್ತಿದಂತೆ 2,000 ಹರ್ಟ್ಸ್ ಆಸುಪಾಸಿಗೆ ಒಯ್ಯುತ್ತದೆ. ನಮ್ಮ ಬಾಯಿ 'ಊ'ಕಾರದಿಂದ 'ಆ'ಕಾರಕ್ಕೆ ತೆರೆಯುವಾಗ ಅನುರಣನ ಬದಲಾಗುವುದೂ ಹೆಚ್ಚುಕಡಿಮೆ ಇದೇ ವಲಯದಲ್ಲಿ. 1966ರಲ್ಲಿ ಥಾಮಸ್ ಆರ್ಗನ್ ಕಂಪನಿಯ ಎಂಜಿನಿಯರ್ ಬ್ರಾಡ್ ಪ್ಲಂಕೆಟ್ ಇದನ್ನು ರೂಪಿಸಿದ ನಂತರ ಮಾರುಕಟ್ಟೆಗೆ ಬಂದ ಮೊದಲ ಪೆಡಲ್‌ಗಳ ಮೇಲೆ ಟ್ರಂಪೆಟ್ ವಾದಕ ಕ್ಲೈಡ್ ಮೆಕಾಯ್ ಅವರ ಹೆಸರಿತ್ತು. ಟ್ರಂಪೆಟ್‌ನ ಬಾಯಿಗೆ ಮ್ಯೂಟ್ ಎಂಬ ಮುಚ್ಚಳ ಹಿಡಿದು ಅದನ್ನು ಅಳಿಸುವ, ನಗಿಸುವ ವಿದ್ಯೆ ಅವರದು.

ಆದ್ದರಿಂದ ಮೊದಲು ಸೋಲೋದ ಒಂದು ಸಾಲನ್ನು ಬಾಯಲ್ಲಿ ಹಾಡಿ, ಬಾಯಿ ಎಲ್ಲಿ ತೆರೆಯುತ್ತದೆಯೋ ಅಲ್ಲಿ ಮಾತ್ರ ಪಾದವನ್ನು ಮುಂದೊತ್ತಿ. ಒಂದು ಸಾಲಿಗೆ ಒಂದೇ ಚಲನೆ ಸಾಕು. ಬೆಂಡ್ ಮಾಡುವಾಗ ಹಿಮ್ಮಡಿಯಿಂದ ಆರಂಭಿಸಿ, ಸ್ವರವೂ ಪಾದವೂ ಒಟ್ಟಿಗೆ ತುದಿ ತಲುಪಲಿ. ಪೆಡಲನ್ನು ಆಡಿಸಲೇಬೇಕೆಂಬ ನಿಯಮವೂ ಇಲ್ಲ: ರಾಕ್ ಗಿಟಾರ್ ವಾದಕ ಮೈಕೆಲ್ ಶೆಂಕರ್ ಅದನ್ನು ನಡುವೆ ಎಲ್ಲೋ ನಿಲ್ಲಿಸಿ, ಮೂಗಿನಿಂದ ಹಾಡಿದಂಥ ಆ ನಾದದಲ್ಲೇ ಸೋಲೋ ನುಡಿಸುವುದಕ್ಕೆ ಹೆಸರಾದವರು.

ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಪೆಡಲ್ ಬಳಸುವುದಾದರೆ ವಾ-ವಾ ಅದಕ್ಕಿಂತ ಮೊದಲಿರಲಿ. ನಂತರ ಇಟ್ಟರೆ ಸದ್ದು ಕಂಠವನ್ನು ಬಿಟ್ಟು ಸಿಂಥಸೈಜರ್ ಕಡೆಗೆ ಹೊರಳುತ್ತದೆ, ನನಗದು ಹಿಡಿಸದು. ಫಜ್ ಫೇಸ್‌ನಂಥ ಡಿಸ್ಟಾರ್ಷನ್ ಪೆಡಲ್‌ಗಳ ಇನ್‌ಪುಟ್ ಪ್ರತಿರೋಧ ಬಹಳ ಕಡಿಮೆಯಿರುವುದರಿಂದ ಅವು ವಾ-ವಾದ ಏರಿಳಿತವನ್ನೇ ನುಂಗಿಬಿಡುತ್ತವೆ, ಆಗ ನಡುವೆ ಒಂದರ ಪ್ರಭಾವ ಇನ್ನೊಂದರ ಮೇಲೆ ಬೀಳದಂತೆ ತಡೆಯುವ ಒಂದು ಬಫರ್ ಬೇಕಾಗುತ್ತದೆ. ಪಾದ ಅಲುಗಿದಾಗಲೆಲ್ಲ ಕರಕರ ಸದ್ದು ಬರುತ್ತಿದ್ದರೆ ಪಾದದ ಚಲನೆಯೊಂದಿಗೆ ತಿರುಗುವ ಒಳಗಿನ ಪೊಟೆನ್ಶಿಯೊಮೀಟರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ. ಅದಕ್ಕೂ ಬಗ್ಗದಿದ್ದರೆ ಆ ಬಿಡಿಭಾಗವೊಂದನ್ನೇ ಬದಲಿಸಿದರಾಯಿತು.